ರೋಹಿಣಿ ಮಳೆಗೆ ಮೊದಲು ಹರ್ನಿಯಾ ಆಪರೇಷನ್: ದಿನ ಗೊತ್ತು ಮಾಡುವುದರಿಂದ ಮತ್ತೆ ಚೀಲ ಹೊರುವವರೆಗೆ

ನಿಂತಾಗ ತೊಡೆಸಂದಿನಲ್ಲಿ ಉಬ್ಬುವ, ಮಲಗಿದರೆ ಗುಳು ಗುಳು ಎಂದು ಒಳಗೆ ಸರಿಯುವ ಗಂಟಿಗೆ ನಮ್ಮ ಕಡೆ ‘ಅಂಡವಾಯು’ ಅಂತಾರೆ, ‘ಕರುಳು ಇಳಿದೈತಿ’ ಅಂತಲೂ ಅಂತಾರೆ. ಹೊಟ್ಟೆಯ ಗೋಡೆಯಲ್ಲಿ ಒಂದು ಕಡೆ ಮಾಂಸಖಂಡ ಸಡಿಲವಾಗಿ ಕಿಂಡಿ ಬಿದ್ದು, ಒಳಗಿನ ಕೊಬ್ಬೋ ಕರುಳೋ ಅಲ್ಲಿಂದ ಇಣುಕುವುದೇ ಹರ್ನಿಯಾ. ಮಾತ್ರೆಯಿಂದ ಈ ಕಿಂಡಿ ಮುಚ್ಚುವುದಿಲ್ಲ. ಬೆಲ್ಟ್ ಕಟ್ಟಿದರೂ ಮುಚ್ಚುವುದಿಲ್ಲ.

ನೋವಿಲ್ಲದ ಗಂಟನ್ನು ಜನ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ‘ಸುಗ್ಗಿ ಮುಗೀಲಿ’, ‘ಮಗಳ ಮದುವಿ ಆಗಲಿ’ ಎಂದು ಮುಂದೂಡುತ್ತಾರೆ. ದಿನ ನೋಡಿ ಮಾಡಿಸಿಕೊಂಡರೆ ಇದು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯ ಆಪರೇಷನ್, ಮರುದಿನ ಮನೆ. ಅದೇ ಕಿಂಡಿಯಲ್ಲಿ ಕರುಳು ಸಿಕ್ಕಿಕೊಂಡು ನಡುರಾತ್ರಿ ಆಸ್ಪತ್ರೆ ಸೇರಿದರೆ, ಕಪ್ಪಾದ ಕರುಳನ್ನು ಕತ್ತರಿಸಿ ಜೋಡಿಸಬೇಕು, ಮೂಗಿನಲ್ಲಿ ನಳಿಗೆ, ಐಸಿಯು, ವಾರಗಟ್ಟಲೆ ಹಾಸಿಗೆ. ರೋಗಿ ಅವನೇ, ಕಿಂಡಿಯೂ ಅದೇ. ಆಪರೇಷನ್ ದಿನವನ್ನು ನೀವು ಗೊತ್ತು ಮಾಡಬೇಕು, ಹರ್ನಿಯಾ ಗೊತ್ತು ಮಾಡಬಾರದು. ಈ ಬರಹ ಅದಕ್ಕಾಗಿಯೇ.

ಗಂಟು ಹರ್ನಿಯಾದ್ದೇ?

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ತೊಡೆಸಂದು ಮುಟ್ಟಿ ನೋಡಿ. ಆಮೇಲೆ ಎದ್ದು ನಿಂತು, ಅಲ್ಲಿ ಎರಡು ಬೆರಳಿಟ್ಟು ಜೋರಾಗಿ ಕೆಮ್ಮಿ. ಬೆರಳಿಗೆ ಏನೋ ಬಂದು ತಟ್ಟಿದ ಹಾಗಾದರೆ ಹೆಚ್ಚಿನ ಪಾಲು ಅದು ಹರ್ನಿಯಾ. ಸಂಜೆ ಹೊಲದಿಂದ ಬಂದಾಗ ದೊಡ್ಡದು, ಬೆಳಿಗ್ಗೆ ಸಣ್ಣದು ಎನ್ನುವುದೂ ಅದರದೇ ಗುರುತು.

ವೃಷಣಚೀಲಕ್ಕೆ ಇಳಿದ ಬಾವಿನಲ್ಲಿ ಗೊಂದಲ ಜಾಸ್ತಿ, ಏಕೆಂದರೆ ನೀರು ತುಂಬಿದ ಹೈಡ್ರೋಸಿಲ್‌ಗೂ ಜನ ಅಂಡವಾಯು ಎಂದೇ ಹೇಳುತ್ತಾರೆ. ಬಾವಿನ ಮೇಲ್ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಬೆರಳುಗಳ ನಡುವೆ ಬರೀ ಹುರಿಯಂಥ ನಾಳ ಸಿಕ್ಕು, ಬಾವು ಅದರ ಕೆಳಗೇ ನಿಂತಿದ್ದರೆ ಅದು ಹೈಡ್ರೋಸಿಲ್ ಇರಬಹುದು. ಬಾವು ಬೆರಳಿಗೆ ಮೇಲ್ತುದಿಯನ್ನೇ ಕೊಡದೆ ಹೊಟ್ಟೆಯೊಳಕ್ಕೆ ಮುಂದುವರಿದರೆ ಹರ್ನಿಯಾ. ಸರ್ಜನ್ ಕೂಡ ಮೊದಲು ಮಾಡುವುದು ಇದನ್ನೇ. ಕಣ್ಣಿಗೆ ಕಾಣುವ ಗಂಟಿಗೆ ಸ್ಕ್ಯಾನಿಂಗ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೋವಿದ್ದು ಗಂಟು ಸಿಗದಿದ್ದಾಗ, ಒಮ್ಮೆ ಆಪರೇಷನ್ ಆದ ಜಾಗದಲ್ಲೇ ಮತ್ತೆ ಬಂದಾಗ ಅದರಿಂದ ಉಪಯೋಗವಿದೆ.

ಹೆಂಗಸರಲ್ಲಿ ತೊಡೆಸಂದಿನ ಗೆರೆಯಿಂದ ತುಸು ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟು ಬಂದರೆ ಅದನ್ನು ಗಡ್ಡೆಯೆಂದು ಬಿಟ್ಟುಬಿಡಬೇಡಿ. ಅದು ಫೀಮೋರಲ್ ಹರ್ನಿಯಾ ಇರಬಹುದು. ಅದರ ಬಾಯಿ ತೀರ ಕಿರಿದು, ಕರುಳು ಸಿಕ್ಕಿಕೊಳ್ಳುವ ಸಂಭವ ಬಹಳ ಹೆಚ್ಚು. ಇದಕ್ಕೆ ಸುಗ್ಗಿ ಕಾಯುವ ಹಾಗೆಯೇ ಇಲ್ಲ.

ಮಕ್ಕಳ ಲೆಕ್ಕ ಬೇರೆ. ಕೂಸಿನ ಹೊಕ್ಕುಳ ಉಬ್ಬಿದ್ದರೆ ಬಹುಪಾಲು ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೇಲೆ ನಾಣ್ಯವಿಟ್ಟು ಪಟ್ಟಿ ಕಟ್ಟಿದರೆ ಚರ್ಮ ಹುಣ್ಣಾಗುತ್ತದೆ, ಹೊಕ್ಕುಳ ಬೇಗ ಮುಚ್ಚುವುದಿಲ್ಲ. ಆದರೆ ಕೂಸಿನ ತೊಡೆಸಂದಿನ ಗಂಟು ತಾನಾಗಿ ಹೋಗುವುದಿಲ್ಲ. ಅದನ್ನು ತಡಮಾಡದೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು. ದೊಡ್ಡವರಿಗೆ ಹಾಕುವಂತೆ ಕಿಂಡಿಗೆ ಜಾಲರಿಯ (ಮೆಶ್) ತೇಪೆಯನ್ನು ಮಕ್ಕಳಿಗೆ ಹಾಕುವುದಿಲ್ಲ, ಹರ್ನಿಯಾ ಚೀಲದ ಕುತ್ತಿಗೆ ಕಟ್ಟಿದರೆ ಸಾಕು.

ಬೆಳಗಿನ ತನಕ ಕಾಯಬಾರದ ಗಂಟು

ಇಷ್ಟು ದಿನ ಒಳಗೆ ಹೋಗುತ್ತಿದ್ದ ಗಂಟು ಹೋಗುತ್ತಿಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮುಟ್ಟಿದರೆ ಜೀವ ಹೋಗುವಷ್ಟು ನೋವು, ವಾಂತಿ, ಹೊಟ್ಟೆ ಉಬ್ಬರ, ಹೂಸು ಸಹ ಹೋಗುತ್ತಿಲ್ಲ. ಹೀಗಾದರೆ ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು. ಮೇಲಿನ ಚರ್ಮ ಕೆಂಪಾಗಿ, ಜ್ವರವೂ ಬಂದಿದ್ದರೆ ಒಳಗೆ ಕರುಳು ಸಾಯತೊಡಗಿರಬಹುದು. ರಕ್ತ ಓಡಾಟ ನಿಂತ ಕರುಳಿಗೆ ಇರುವುದು ಕೆಲವೇ ಗಂಟೆ. ಸುಮಾರು ಆರು ಗಂಟೆ ದಾಟಿದ ಮೇಲೆ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಮನೆಯವರು ಮಾಡುವ ಮೂರು ತಪ್ಪುಗಳಿವೆ. ಎಣ್ಣೆ ಹಚ್ಚಿ ಗಂಟನ್ನು ತಿಕ್ಕಿ ಒಳಗೆ ದೂಡುವುದು ಒಂದು. ಸತ್ತ ಕರುಳು ಒಳಗೆ ಹೋಗಿಬಿಟ್ಟರೆ ಹೊಟ್ಟೆ ತುಂಬ ವಿಷ, ಹೊರಗೆ ಮಾತ್ರ ಗಂಟು ಇಳಿದ ಹಾಗೆ ಕಾಣುತ್ತದೆ. ಗ್ಯಾಸ್ ಎಂದುಕೊಂಡು ಸೋಡಾ, ಜೀರಿಗೆ ನೀರು ಕುಡಿಸುವುದು ಎರಡನೆಯದು. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವಾಗ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಮೂರನೆಯದು ಊರ ಆರ್‌ಎಂಪಿ ಹತ್ತಿರ ನೋವಿನ ಇಂಜೆಕ್ಷನ್ ಹಾಕಿಸಿ ಮಲಗಿಸುವುದು.

108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲ ಕೆಳಗೆ ದಿಂಬು ಕೊಡಿ. ವಾಂತಿ ಇದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಗಂಟು ಗಟ್ಟಿಯಾದದ್ದು ಎಷ್ಟು ಹೊತ್ತಿಗೆ, ಕೊನೆಯ ಊಟ ಯಾವಾಗ, ದಿನಾ ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ 70ಕ್ಕೂ ಮೇಲೆ. ರೋಣ, ಮುಂಡರಗಿ, ಹಾನಗಲ್, ಹಿರೇಕೆರೂರು ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೊರಡುವ ಮುಂಚೆ ‘ಈಗ ಸರ್ಜನ್, ಅರಿವಳಿಕೆ ಡಾಕ್ಟರ್ ಇಬ್ಬರೂ ಇದ್ದಾರಾ’ ಎಂದು ಫೋನಿನಲ್ಲೇ ಕೇಳಿ. ಇಲ್ಲವೆಂದರೆ ನೇರವಾಗಿ ಜಿಲ್ಲಾ ಕೇಂದ್ರಕ್ಕೋ ಹುಬ್ಬಳ್ಳಿಗೋ ಹೋಗಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲೇ ಆ ಆರು ಗಂಟೆ ಕಳೆದುಹೋಗುತ್ತದೆ.

ದಿನ ಗೊತ್ತು ಮಾಡುವುದು

ಗಂಟು ಸಣ್ಣದಿದ್ದು, ನೋವಿಲ್ಲದೆ, ಸಲೀಸಾಗಿ ಒಳಗೆ ಹೋಗುತ್ತಿದ್ದರೆ ಗಂಡಸರು ಕಣ್ಣಿಟ್ಟುಕೊಂಡು ಕಾಯಬಹುದು ಎಂದು ವೈದ್ಯರೂ ಒಪ್ಪುತ್ತಾರೆ. ಆದರೆ ಹಾಗೆ ಕಾದವರನ್ನು ಹತ್ತು ವರ್ಷ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಮೂವರಲ್ಲಿ ಇಬ್ಬರು ಕೊನೆಗೆ ನೋವಿನಿಂದ ಆಪರೇಷನ್‌ಗೇ ಬಂದರು. ಒಕ್ಕಲುತನ, ಹಮಾಲಿ ಮಾಡುವವರಿಗೆ ಕಾಯುವುದು ಲಾಭದ ಮಾತಲ್ಲ ಎಂಬುದು ನಮ್ಮ ಅಭಿಪ್ರಾಯ.

ಭಾರದ ಕೆಲಸಕ್ಕೆ ಮರಳಲು ಆರು ವಾರ ಹಿಡಿಯಿರಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ರೋಹಿಣಿ ಮಳೆ ಹತ್ತುವುದು ಮೇ 25ರ ಆಸುಪಾಸು. ಆ ಹೊತ್ತಿಗೆ ನೇಗಿಲು, ಕುಂಟೆ ಹಿಡಿಯಬೇಕೆಂದರೆ ಏಪ್ರಿಲ್ ಎರಡನೇ ವಾರದೊಳಗೆ ಆಪರೇಷನ್ ಆಗಿರಬೇಕು. ಹಿಂಗಾರಿ ಜೋಳ, ಕಡಲೆ ಮನೆಗೆ ಬಂದು ಯುಗಾದಿ ಹತ್ತಿರವಾಗುವ ದಿನಗಳು ಎರೆಹೊಲದ ಒಕ್ಕಲಿಗರಿಗೆ ಒಳ್ಳೆಯ ಕಾಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊರುವವರಿಗೆ ಇದು ಉಲ್ಟಾ. ಜನವರಿಯಿಂದ ಏಪ್ರಿಲ್‌ವರೆಗೆ ಅವರ ಕೈತುಂಬ ಕೆಲಸ, ಹಾಗಾಗಿ ಮಳೆಗಾಲವೇ ಅವರಿಗೆ ಸರಿ. ‘ಬ್ಯಾಸಗ್ಯಾಗ ಗಾಯ ಕೀವು ಹಿಡಿತೈತಿ’ ಎಂಬ ಹೆದರಿಕೆಯಿಂದ ಏಪ್ರಿಲ್ ತಪ್ಪಿಸುವವರು ಬಹಳ. ಕೀವಿಗೆ ಮುಖ್ಯ ಕಾರಣ ಸಕ್ಕರೆ ಕಾಯಿಲೆ, ತಂಬಾಕು, ಹೊಲಸು ಕೈ. ಬೆವರು ಒರೆಸಿ ಗಾಯ ಒಣಗಿಟ್ಟುಕೊಂಡರೆ ಬೇಸಿಗೆಗೆ ಅಂಜಬೇಕಾಗಿಲ್ಲ.

ಎಲ್ಲಿ, ಯಾರ ಹತ್ತಿರ

ಒಂದೇ ಕಡೆ, ಮೊದಲ ಸಲ ಬಂದ ಹರ್ನಿಯಾಕ್ಕೆ ಎಂ.ಎಸ್. ಅಥವಾ ಡಿಎನ್‌ಬಿ ಜನರಲ್ ಸರ್ಜರಿ ಮಾಡಿದ, ಈ ಕೆಲಸ ವಾರ ವಾರ ಮಾಡುವ ಸರ್ಜನ್ ಸಾಕು. ಹಳೆ ಆಪರೇಷನ್ ಜಾಗದಲ್ಲಿ ಮರಳಿ ಬಂದಿದ್ದರೆ, ಸಿಸೇರಿಯನ್ ಗಾಯ ಸಡಿಲವಾಗಿ ಹೊಟ್ಟೆ ನೀರಿನ ಕೊಡದ ಹಾಗೆ ಜೋತಿದ್ದರೆ, ಹೊಟ್ಟೆಗೋಡೆಯ ಕೆಲಸದಲ್ಲಿ ಪಳಗಿದವರನ್ನು ಹುಡುಕಿ.

ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ ಸರ್ಕಾರಿ ಜಾಗಗಳು. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ದಿನ ಗೊತ್ತು ಮಾಡಿದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ, ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ತುರ್ತಿನಲ್ಲಿ ಮಾತ್ರ ರೆಫರಲ್ ಬೇಕಿಲ್ಲ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಇದ್ದರೆ ಅದನ್ನೂ ಕೇಳಿ ನೋಡಬಹುದು.

ಸರ್ಜನ್‌ಗೆ ಕೇಳಬೇಕಾದ್ದನ್ನು ಸಂಕೋಚವಿಲ್ಲದೆ ಕೇಳಿ: ತಿಂಗಳಿಗೆ ಎಷ್ಟು ಹರ್ನಿಯಾ ಮಾಡುತ್ತೀರಿ, ನನಗೆ ತೆರೆದು ಮಾಡುವುದೋ ಸಣ್ಣ ತೂತಿನಿಂದ ದುರ್ಬೀನು ಹಾಕಿ (ಲ್ಯಾಪರೊಸ್ಕೋಪಿ) ಮಾಡುವುದೋ, ಯಾಕೆ, ಅರಿವಳಿಕೆ ಯಾವುದು, ಮೆಶ್‌ನ ದರ ಪ್ಯಾಕೇಜಿನಲ್ಲಿ ಸೇರಿದೆಯೇ.

ಜಾಲರಿ ಯಾಕೆ, ದುರ್ಬೀನು ಯಾರಿಗೆ

1887ರ ಸುಮಾರಿಗೆ ಇಟಲಿಯ ಬಸ್ಸೀನಿ ತೋರಿಸಿದ ಪದ್ಧತಿಯಲ್ಲಿ ಮಾಂಸಖಂಡವನ್ನು ಎಳೆದು ಹೊಲಿಯುತ್ತಿದ್ದರು. ಹರಿದ ಧೋತರದ ಎರಡು ಅಂಚು ಎಳೆದು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುವ ಹಾಗೆ, ಬಿಗಿತದಿಂದ ಹರ್ನಿಯಾ ಮರಳಿ ಬರುತ್ತಿತ್ತು. ಈಗ ತೇಪೆ ಹಾಕುತ್ತಾರೆ. ಆ ತೇಪೆಯೇ ಪಾಲಿಪ್ರೊಪಿಲೀನ್ ಮೆಶ್. ಅದರ ಕಣ್ಣುಗಳೊಳಗೆ ನಮ್ಮದೇ ನಾರು ಬೆಳೆದು ಗೋಡೆ ಗಟ್ಟಿಯಾಗುತ್ತದೆ. ತೆರೆದು ಮಾಡುವ ಆಪರೇಷನ್‌ನಲ್ಲಿ ಸುಮಾರು 7.5 × 15 ಸೆಂಟಿಮೀಟರ್ ಜಾಲರಿ, ದುರ್ಬೀನಿನಲ್ಲಿ ಕಡಿಮೆಯೆಂದರೂ 10 × 15. ಜಾಲರಿ ಸಣ್ಣದಾದರೆ ಅಂಚಿನಿಂದ ಹರ್ನಿಯಾ ಮತ್ತೆ ನುಸುಳುತ್ತದೆ. ದುಬಾರಿ ಜಾಲರಿಯೇ ಆಗಬೇಕೆಂದಿಲ್ಲ. ಮಹಾರಾಷ್ಟ್ರದ ದೊಂಡಾಯಿಚಾದ ಸರ್ಜನ್ ಡಾ. ಟೊಂಗಾಂವಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧೀಕರಿಸಿ ಬಳಸಿ, ಬಡರೋಗಿಗಳಿಗೂ ಇದು ಎಟುಕುವಂತೆ ಮಾಡಿದ್ದರು.

ತೆರೆದು ಮಾಡುವುದಕ್ಕೆ ಸೊಂಟದ ಕೆಳಗೆ ಮರಗಟ್ಟಿಸಿದರೆ ಸಾಕು, ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಗಾಯ 5–8 ಸೆಂಟಿಮೀಟರ್. ಹೃದಯ, ಶ್ವಾಸಕೋಶ ಸೊರಗಿದ ಮುದುಕರಿಗೆ ಇದೇ ಕ್ಷೇಮ. ದುರ್ಬೀನಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ಮೂರು ಸಣ್ಣ ತೂತು ಸಾಕು. ಎರಡೂ ಕಡೆ ಹರ್ನಿಯಾ ಇದ್ದವರಿಗೆ, ಮೊದಲು ತೆರೆದು ಮಾಡಿದ್ದು ಮರಳಿ ಬಂದವರಿಗೆ, ಬೇಗ ಕೆಲಸಕ್ಕೆ ಹೋಗಬೇಕಾದವರಿಗೆ ದುರ್ಬೀನು ಒಳ್ಳೆಯದು. ಆದರೆ ಆ ಕೆಲಸದಲ್ಲಿ ಕೈ ಕೂರಬೇಕಾದರೆ ಸರ್ಜನ್ ಐವತ್ತರಿಂದ ನೂರಾದರೂ ಮಾಡಿರಬೇಕು. ಅಷ್ಟು ಮಾಡಿರದವರ ದುರ್ಬೀನಿಗಿಂತ ಪಳಗಿದ ಕೈಯ ತೆರೆದ ಆಪರೇಷನ್ ಎಷ್ಟೋ ಮೇಲು.

ನಾಲ್ಕು ವಾರ ಮೊದಲಿನಿಂದ

ಬೀಡಿ, ಸಿಗರೇಟು, ಗುಟ್ಕಾ ನಾಲ್ಕು ವಾರ ಮುಂಚೆಯೇ ನಿಲ್ಲಲಿ. ತಂಬಾಕು ಗಾಯಕ್ಕೆ ರಕ್ತ ಕಡಿಮೆ ಮಾಡುತ್ತದೆ, ಮೇಲೆ ಕೆಮ್ಮು ತರುತ್ತದೆ. ಒಂದೊಂದು ಕೆಮ್ಮೂ ಹೊಸ ಹೊಲಿಗೆಯನ್ನು ಎಳೆಯುತ್ತದೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, 8ರ ಒಳಗೆ ತಂದುಕೊಳ್ಳಿ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವ, ತಿಣುಕಿದರೂ ಧಾರೆ ಬರದ ವಯಸ್ಸಾದವರು ಮೊದಲು ಪ್ರಾಸ್ಟೇಟ್ ತೋರಿಸಬೇಕು. ಇಲ್ಲವಾದರೆ ಆಪರೇಷನ್ ರಾತ್ರಿಯೇ ಮೂತ್ರ ಕಟ್ಟಿ ನಳಿಗೆ ಹಾಕಬೇಕಾಗುತ್ತದೆ, ಮುಂದೆಯೂ ತಿಣುಕಿ ತಿಣುಕಿ ಹರ್ನಿಯಾ ಮರಳುತ್ತದೆ.

ಮಲಬದ್ಧತೆಯೂ ಹೀಗೆಯೇ, ಆದರೆ ಇದರಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಐವತ್ತರ ಆಸುಪಾಸಿನವರಿಗೆ ಹೊಸದಾಗಿ ಮಲಬದ್ಧತೆ ಶುರುವಾಗಿ, ಅದರ ಹಿಂದೆಯೇ ಹರ್ನಿಯಾ ಕಂಡಿದ್ದರೆ, ಕರುಳಿನಲ್ಲೇ ಏನಾದರೂ ಅಡ್ಡ ಬೆಳೆದಿದೆಯೇ ಎಂದು ನೋಡಬೇಕು. ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಎಲ್ಲರೂ ‘ಮೂಲವ್ಯಾಧಿ’ ಎಂದೇ ತೀರ್ಮಾನಿಸುತ್ತಾರೆ, ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ‘ಒಂದೇ ದಿನದಲ್ಲಿ ಗುಣ’ ಎಂಬ ಬೋರ್ಡು ನೋಡಿ ಹೋಗುತ್ತಾರೆ. ಅಲ್ಲಿ ಚುಚ್ಚುವ ಗೊತ್ತಿಲ್ಲದ ಔಷಧದಿಂದ ಗುದದ್ವಾರ ಸುಟ್ಟು, ಮುಂದೆ ಕಿರುಬೆರಳೂ ಹೋಗದಷ್ಟು ಕಿರಿದಾಗುವುದುಂಟು. ಅದಕ್ಕಿಂತ ಕೆಟ್ಟದ್ದೆಂದರೆ, ಮೂಲವ್ಯಾಧಿಯ ಹೆಸರಿನಲ್ಲಿ ಕ್ಯಾನ್ಸರ್ ಒಂದೆರಡು ವರ್ಷ ಅಡಗಿಬಿಡುವುದು. ರಕ್ತದ ಜೊತೆ ತೂಕ ಇಳಿದಿದ್ದರೆ, ರಕ್ತಹೀನತೆ ಇದ್ದರೆ, ಆರು ವಾರಕ್ಕೂ ಮೇಲ್ಪಟ್ಟು ಮಲವಿಸರ್ಜನೆಯ ರೂಢಿ ಬದಲಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಗುದದ್ವಾರದಿಂದ ದುರ್ಬೀನು ಹಾಕಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿ ಮಾಡಿಸಲೇಬೇಕು. ಸರ್ಜನ್ ಬೆರಳು ಹಾಕಿ ನೋಡುವುದಕ್ಕೆ ನಾಚಿಕೆ ಪಡಬೇಡಿ. ಗುದದ ಹತ್ತಿರದ ಎಷ್ಟೋ ಗಡ್ಡೆಗಳು ಆ ಬೆರಳಿಗೇ ಸಿಗುತ್ತವೆ.

ಕೊಲೊನೋಸ್ಕೋಪಿ ಕೆಡುವುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಅಗಸಿ ಚಟ್ನಿ, ಗುರೆಳ್ಳು ಚಟ್ನಿಯ ಕಾಳು, ಮೆಣಸಿನಕಾಯಿ ಬೀಜ, ಪೇರಲ ಬೀಜ ಕರುಳಿನ ಮಡಿಕೆಯಲ್ಲಿ ಕೂತು ದುರ್ಬೀನಿನ ಸಣ್ಣ ನಳಿಗೆಯನ್ನು ಕಟ್ಟಿಬಿಡುತ್ತವೆ. ಮೂರು ದಿನ ಮೊದಲೇ ಇವನ್ನು ಬಿಡಿ. ಕಬ್ಬಿಣದ ಗುಳಿಗೆ ಮಲವನ್ನು ಕರ್ರಗೆ ಅಂಟಾಗಿಸುತ್ತದೆ, ಡಾಕ್ಟರ್‌ಗೆ ಹೇಳಿ ಐದಾರು ದಿನ ಮೊದಲೇ ನಿಲ್ಲಿಸಿ. ಹಿಂದಿನ ದಿನ ಮೆತ್ತನ್ನ ಅನ್ನ, ಮಜ್ಜಿಗೆ, ತಿಳಿಸಾರು ಸಾಕು. ಬೀಟ್‌ರೂಟ್, ಕೆಂಪು ಶರಬತ್ತು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಭೇದಿಯ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟು ನೀರಿನಲ್ಲೇ, ಸಾಮಾನ್ಯವಾಗಿ 2 ಲೀಟರ್‌ನಲ್ಲಿ, ಕರಗಿಸಿ, ಹತ್ತು–ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯಿರಿ. ಕೊನೆಗೆ ಗೋಮೂತ್ರದಂತೆ ತಿಳಿ ಹಳದಿ ನೀರು ಹೋದರೆ ತಯಾರಿ ಸರಿಯಾಗಿದೆ. ಹೊಟ್ಟೆ ಉಬ್ಬಿ ವಾಂತಿ ಆಗುತ್ತಿರುವವರಿಗೆ ಮಾತ್ರ ಈ ಪುಡಿ ಕೊಡಲೇಬಾರದು. ಮುಂದೆ ಕರುಳು ಕಟ್ಟಿದ್ದರೆ ಒಡೆಯುವ ಅಪಾಯವಿದೆ.

ಹರ್ನಿಯಾ ಆಪರೇಷನ್ ಹತ್ತಿರವಾದಾಗ ಗುಳಿಗೆಗಳ ಪಟ್ಟಿ ಅರಿವಳಿಕೆ ಡಾಕ್ಟರ್ ಮುಂದಿಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತಿಳಿ ಮಾಡುವ ಗುಳಿಗೆಯನ್ನು ತಾವಾಗಿ ನಿಲ್ಲಿಸಲೇಬೇಡಿ. ಬಿ.ಪಿ. ಗುಳಿಗೆಗಳಲ್ಲಿ ಬಹುಪಾಲನ್ನು ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬಹುದು. ಯಾವುದನ್ನು ಬಿಡಬೇಕು, ಸಕ್ಕರೆ ಗುಳಿಗೆಗಳನ್ನು ಎಂದಿನಿಂದ ನಿಲ್ಲಿಸಬೇಕು ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ. ಹಗುರ ಊಟವಾಗಿ ಆರು ಗಂಟೆ, ಎಣ್ಣೆ–ಮಾಂಸದ ಊಟವಾಗಿ ಎಂಟು ಗಂಟೆ, ಬರೀ ನೀರು ಕುಡಿದು ಎರಡು ಗಂಟೆ ಕಳೆದಿರಬೇಕು. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ, ಸಣ್ಣ ಗೀರುಗಳಲ್ಲಿ ಕೀವಿನ ಬೀಜ ಕೂತಿರುತ್ತದೆ. ಆಸ್ಪತ್ರೆಯಲ್ಲಿ ಮಷಿನ್‌ನಿಂದ ತೆಗೆಯುತ್ತಾರೆ. ಸೋಪು ಹಚ್ಚಿ ಸ್ನಾನ ಮಾಡಿದರೆ ಸಾಕು. ಆಪರೇಷನ್ ಮಾಡಬೇಕಾದ ಕಡೆ, ಎಡವೋ ಬಲವೋ, ನೀವು ಎಚ್ಚರವಿದ್ದಾಗಲೇ ಸರ್ಜನ್ ಪೆನ್ನಿನಿಂದ ಗುರುತು ಹಾಕಲಿ.

ಮನೆಗೆ ಬಂದ ಮೇಲೆ

ಹಾಸಿಗೆಯಿಂದ ಏಳುವುದನ್ನು ಮೊದಲು ಕಲಿಯಿರಿ. ನೇರ ಎದ್ದು ಕೂತರೆ ಹೊಟ್ಟೆಯ ಪೂರ್ತಿ ಬಿಗಿತ ಗಾಯದ ಮೇಲೆ ಬೀಳುತ್ತದೆ. ಎರಡೂ ಮೊಣಕಾಲು ಮಡಚಿ, ಆಪರೇಷನ್ ಆಗದ ಮಗ್ಗುಲಿಗೆ ಇಡೀ ಮೈಯನ್ನು ಒಟ್ಟಿಗೆ ಉರುಳಿಸಿ, ಕಾಲುಗಳನ್ನು ಮಂಚದ ಕೆಳಗೆ ಇಳಿಬಿಟ್ಟು, ಮೇಲಿನ ಕೈಯ ಅಂಗೈಯಿಂದ ಹಾಸಿಗೆ ಒತ್ತಿ ಏಳಿ. ಕೆಮ್ಮು, ಸೀನು ಬಂದಾಗ ಗಾಯದ ಮೇಲೆ ಮಡಚಿದ ಟವೆಲ್ ಇಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ಆಪರೇಷನ್ ದಿನ ಸಂಜೆಯೇ ಎದ್ದು ಓಡಾಡಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದೇ ಕಾಯುತ್ತದೆ.

ಮೂರು–ನಾಲ್ಕನೇ ದಿನ ವೃಷಣಚೀಲ ನೇರಳೆ ಬಣ್ಣಕ್ಕೆ ತಿರುಗಿ ತುಸು ಊದಿದರೆ ಗಾಬರಿ ಬೇಡ, ರಕ್ತ ಕೆಳಗೆ ಇಳಿದದ್ದು. ಬಿಗಿಯಾದ ಒಳಚಡ್ಡಿ ಅಥವಾ ಲಂಗೋಟಿ ಆಧಾರ ಕೊಡುತ್ತದೆ. ಹಳೆ ಹರ್ನಿಯಾ ಇದ್ದ ಜಾಗದಲ್ಲಿ ನೀರು ತುಂಬಿ ಗಂಟಿನ ಹಾಗೆ ಕಾಣುವುದೂ ಉಂಟು. ಕೆಮ್ಮಿದಾಗ ಅದು ಬೆರಳಿಗೆ ತಟ್ಟುವುದಿಲ್ಲ, ಆರೆಂಟು ವಾರದಲ್ಲಿ ಹೀರಿಹೋಗುತ್ತದೆ. ಸೂಜಿ ಹಾಕಿ ತೆಗೆಯಲು ಅವಸರ ಮಾಡಬೇಡಿ, ಜಾಲರಿಗೆ ಸೋಂಕು ಅದೇ ದಾರಿಯಿಂದ ಹೋಗುತ್ತದೆ. ಆದರೆ ಮೂತ್ರ ಕಟ್ಟಿದರೆ, 38 ಡಿಗ್ರಿ ಸೆಲ್ಸಿಯಸ್ ಮೀರಿ ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಒಸರಿದರೆ, ವೃಷಣ ಬಿರುಸಾಗಿ ಊದಿ ನೋವಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ತೋರಿಸಬೇಕು.

ಊಟದ ವಿಷಯದಲ್ಲಿ ನಂಜಿನ ಭಯ ದೊಡ್ಡದು. ಬದನೆಕಾಯಿ ನಂಜು, ಕಡಲೆ ನಂಜು, ತತ್ತಿ ನಂಜು ಎಂದು ಹದಿನೈದು ದಿನ ಬರೀ ಅನ್ನ–ತಿಳಿಸಾರು ಹಾಕಿದರೆ ಗಾಯ ಮಾಯಲು ಬೇಕಾದ ಪ್ರೋಟೀನು ಎಲ್ಲಿಂದ ಬರಬೇಕು? ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು, ತತ್ತಿ, ಎಲ್ಲ ಕೊಡಿ. ಎಂಟು ಲೋಟವಾದರೂ ನೀರು ಹೋಗಲಿ. ಕಿಡ್ನಿ, ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದಷ್ಟು. ಮಲ ಗಟ್ಟಿಯಾದರೆ ರಾತ್ರಿ ಒಂದೆರಡು ಚಮಚ ಇಸಬ್‌ಗೋಲ್ ಅನ್ನು ದೊಡ್ಡ ಲೋಟ ನೀರಿನಲ್ಲಿ ಕದಡಿ, ಗಟ್ಟಿಯಾಗುವ ಮುಂಚೆ ಕುಡಿಯಿರಿ. ನೀರು ಕಡಿಮೆಯಾದರೆ ಆ ಇಸಬ್‌ಗೋಲೇ ಕರುಳನ್ನು ಕಟ್ಟಿಬಿಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ, ಕಿಡ್ನಿ ತೊಂದರೆ ಇರುವವರು ಯಾವ ಹೊತ್ತಿನಲ್ಲೂ, ತೆಗೆದುಕೊಳ್ಳಬಾರದು.

ಮತ್ತೆ ಕೆಲಸ, ಮತ್ತೆ ಭಾರ

ಅಂಗಡಿಯಲ್ಲಿ, ಆಫೀಸಿನಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದು ವಾರ ಸಾಕು. ಬೈಕಿಗೆ ಎರಡು ವಾರ. ನಿಂತ ಗಾಡಿಯ ಮೇಲೆ ಕೂತು ಗಕ್ಕನೆ ಬ್ರೇಕ್ ತುಳಿದು ನೋಡಿ, ನೋವಿಗೆ ಕಾಲು ಹಿಂಜರಿದರೆ ಇನ್ನೂ ಹೊರಡಬಾರದು. ಕಿಕ್ ಹೊಡೆಯುವುದನ್ನು ಆರು ವಾರ ಬಿಟ್ಟರೆ ಒಳ್ಳೆಯದು. ಮೂರು ವಾರದವರೆಗೆ ಒಂದು ಕೊಡ ನೀರಿಗಿಂತ ಜಾಸ್ತಿ ಎತ್ತಬೇಡಿ, ಆ ಕೊಡವನ್ನೂ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಿ. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಿ, ಆರು ವಾರ ಆದ ಮೇಲೆ 50 ಕಿಲೋ ಸಿಮೆಂಟ್ ಚೀಲ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ದಿನವಿಡೀ ಬೆನ್ನ ಮೇಲೆ ಹೊರುವವರು ಮೊದಲ ಒಂದು ವಾರ ಲಾರಿಯ ಮೇಲೆ ಚೀಲ ಜೋಡಿಸುವ ಬದಲು ತೂಕದ ಕಡೆ, ಚೀಲ ಹೊಲಿಯುವ ಕಡೆ ಕೆಲಸ ಕೇಳಿಕೊಂಡರೆ ಮೈಗೆ ರೂಢಿಯಾಗುತ್ತದೆ. ಮುಕಾದಮರಿಗೆ ತೋರಿಸಲು ಸರ್ಜನ್‌ರಿಂದ ಒಂದು ಚೀಟಿ ಬರೆಸಿಕೊಳ್ಳಿ.

ಗಾಯದ ಕೆಳಗೆ ಜೋಮು ಹಿಡಿದಂತಿರುವುದು ಕೆಲವು ತಿಂಗಳು ಇರುತ್ತದೆ. ಮೂರು ತಿಂಗಳು ದಾಟಿದರೂ ಸೂಜಿ ಚುಚ್ಚಿದಂತೆ, ಉರಿದಂತೆ ನೋವಿದ್ದರೆ ನರವೊಂದು ಸಿಕ್ಕಿರಬಹುದು, ಅದಕ್ಕೂ ಔಷಧವಿದೆ, ಮತ್ತೆ ಹೋಗಿ ತೋರಿಸಿ. ಜಾಲರಿಯ ಪೊಟ್ಟಣದ ಮೇಲೊಂದು ಸ್ಟಿಕ್ಕರ್ ಇರುತ್ತದೆ, ಕಂಪನಿ, ಅಳತೆ, ಬ್ಯಾಚ್ ನಂಬರ್ ಅದರಲ್ಲೇ ಇರುವುದು. ಬಿಡುಗಡೆಯ ದಿನವೇ ಕೇಳಿ ಅದನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಂಡು, ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದುಕೊಂಡು, ಕಾರ್ಡನ್ನು ಹೊಲದ ಉತಾರದ ಜೊತೆ ಟ್ರಂಕಿನಲ್ಲಿಡಿ. ಐದು ವರ್ಷ ಬಿಟ್ಟು ಆ ಗಾಯದಲ್ಲಿ ಕೀವು ಒಸರಿದರೆ ಹೊಸ ಸರ್ಜನ್ ಮೊದಲು ಕೇಳುವುದು ಆ ಸ್ಟಿಕ್ಕರ್ ಅನ್ನೇ.